ಮೊಣಕಾಲುದ್ದ ನೀರಿನಲ್ಲಿ ಮೆರವಣಿಗೆ

ಬಾಡಿಗೆಗೆ ಬಂದ ಹೊಸದರಲ್ಲಿ ನೆರೆಯವರು ಕೆಲಸವೇನೆಂದು ಕೇಳಿದಾಗ ಇಂಜಿನಿಯರ, ವಿಮೆ ಕಂಪನಿಯಲ್ಲಿ ಎಂದುಬಿಟ್ಟಿದ್ದ. ನಗರದ ಚರಂಡಿ ಇಲಾಖೆ ಎಂದು ನಿಜ ಹೇಳಿದರೆ ಬೆಳಗ್ಗೆ ಹಲ್ಲುಜ್ಜುವ ಮೊದಲೇ ದೂರುಗಳು ಬಾಗಿಲಿಗೆ ಬರುತ್ತವೆಂಬ ಭಯ. ಸಣ್ಣ ಸುಳ್ಳು, ಮಳೆ ಬರುವ ತನಕ ಹಾಯಾಗಿ ಮಲಗಿತ್ತು.

ಆ ಬೆಳಗ್ಗೆ ಒಂದೇ ಸಮನೆ ಸುರಿದ ಮಳೆಗೆ ಬೀದಿ ಹೊಳೆಯಾಯಿತು. ಇಂಜಿನಿಯರನ ಚಪ್ಪಲಿಗಳು ಜಗಳವಾಡಿದ ದಂಪತಿಯ ಹಾಗೆ ಬೇರೆ ಬೇರೆ ಕೋಣೆಗೆ ತೇಲಿಹೋದವು. ಹೆಂಡತಿ ನೀರು ಎತ್ತಿ ಹೊರಗೆ ಚೆಲ್ಲುತ್ತ, "ಹೋಗಿ ನೋಡ್ಬಾರ್ದಾ? ನಿಮ್ಮ ಇಲಾಖೆ ನೀರೇ ತಾನೆ," ಎಂದಳು.

ಹೊರಗೆ ಕಾರಣಗಳ ಸಂತೆ ನೆರೆದಿತ್ತು. ಕೆರೆ ಮುಚ್ಚಿ ಬಡಾವಣೆ ಮಾಡಿದ್ದೇ ತಪ್ಪು ಎಂದು ನಿವೃತ್ತ ಮೇಷ್ಟ್ರು. ಅವರ ಮನೆಯೂ ಆ ಕೆರೆಯ ನಡುಮಧ್ಯದಲ್ಲೇ ಇತ್ತು. ಬೇಕರಿಯವನು ಚರಂಡಿಯ ಮೇಲೆ ಕಟ್ಟೆ ಕಟ್ಟಿದ್ದಾನೆಂದು ಟೈಲರಮ್ಮ. ಟೈಲರಮ್ಮ ಬಟ್ಟೆಚೂರುಗಳನ್ನೆಲ್ಲ ಅದೇ ಚರಂಡಿಗೆ ಗುಡಿಸುತ್ತಾಳೆಂದು ಬೇಕರಿಯವನು. ಎಲ್ಲವೂ ನಿಜವೆಂದು ಇಂಜಿನಿಯರನಿಗೆ ಗೊತ್ತಿತ್ತು. ಮಳೆಗಾಲಕ್ಕೆ ಮೊದಲು ಹೂಳೆತ್ತಿಸಬೇಕಾದವನು ತಾನೇ, ನಾಳೆ ನಾಳೆ ಎಂದು ಕಾಲ ತಳ್ಳಿದವನೂ ತಾನೇ ಎಂಬುದೂ ಗೊತ್ತಿತ್ತು. ಪುಣ್ಯಕ್ಕೆ ಆ ಕಾರಣ ಇನ್ನೂ ಯಾರಿಗೂ ಹೊಳೆದಿರಲಿಲ್ಲ.

"ನಮ್ಮನಮ್ಮಲ್ಲಿ ಜಗಳ ಯಾಕೆ?" ಎಂದರು ಮೇಷ್ಟ್ರು. "ಹೂಳು ತೆಗೆಸದೆ ಕೂತಿದಾನಲ್ಲ ಇಂಜಿನಿಯರು, ಅವನನ್ನ ಹಿಡೀಬೇಕು. ನಂಬರ್ ನನ್ನ ಹತ್ರ ಇದೆ."

ಒತ್ತಿದರು. ಇಂಜಿನಿಯರನ ಜೇಬು ಕಿರುಚಿತು.

ಅತ್ತೆಯ ಫೋನು ಎಂದು ಅವನು ಅದರ ಬಾಯಿ ಮುಚ್ಚಿದ. ಮೇಷ್ಟ್ರು ಮತ್ತೆ ಒತ್ತಿದರು. ಅತ್ತೆಯೂ ಮತ್ತೆ ಕರೆದಳು. ಅವನು ಫೋನನ್ನೇ ಆರಿಸಿಬಿಟ್ಟ. "ಸ್ವಿಚ್ ಆಫ್ ಮಾಡ್ಕೊಂಡ ನೋಡಿ ಕಳ್ಳ," ಎಂದರು ಮೇಷ್ಟ್ರು.

ಯಾರಿಗೂ ಅನುಮಾನ ಬಾರದಿರಲೆಂದು ಇಂಜಿನಿಯರ ಎಲ್ಲರಿಗಿಂತ ಜೋರಾಗಿ ಬೈದ. ಅಂಥವನನ್ನು ಸುಮ್ಮನೆ ಬಿಡಬಾರದು ಎಂದ. ಬೀದಿಗೆ ಮುಖಂಡ ಸಿಕ್ಕೇಬಿಟ್ಟ. ಬೇಕರಿಯವನೂ ಟೈಲರಮ್ಮನೂ ಜಗಳ ಮರೆತು ಅವನನ್ನು ಮುಂದಕ್ಕೆ ತಳ್ಳಿದರು. ಮೊಣಕಾಲುದ್ದ ನೀರಿನಲ್ಲಿ ಮೆರವಣಿಗೆ ಚರಂಡಿ ಇಲಾಖೆಯ ಕಚೇರಿಗೆ ಹೊರಟಿತು. ಹೊಟ್ಟೆನೋವು ಎಂದು ಅವನು ಹಿಂದೆ ಸರಿಯಲು ನೋಡಿದ. ಮೇಷ್ಟ್ರು ತೋಳು ಹಿಡಿದುಕೊಂಡರು. ನೀರಿನಡಿ ಕಾಣದ ಗುಂಡಿಗೆ ಮುಗ್ಗರಿಸಿ ಬಿದ್ದ, ಎತ್ತಿ ನಿಲ್ಲಿಸಿದರು. ಕೆಸರು ಮೆತ್ತಿದ ಆ ಮುಖವನ್ನು ಕನ್ನಡಿಯೂ ಗುರುತಿಸುವಂತಿರಲಿಲ್ಲ.

ಗಲಾಟೆ ಕೇಳಿ ದೊಡ್ಡ ಸಾಹೇಬರು ಕಚೇರಿಯ ಮಹಡಿಗೆ ಬಂದರು. ನೀರನ್ನು ಇಳಿಸುವುದು ಹೇಗೆಂದು ಅವರಿಗೆ ತಿಳಿದಿರಲಿಲ್ಲ. ಜನರ ಸಿಟ್ಟನ್ನು ಇಳಿಸುವುದು ಚೆನ್ನಾಗಿ ತಿಳಿದಿತ್ತು. ಆ ಭಾಗದ ಇಂಜಿನಿಯರ ಎಲ್ಲಿ ಎಂದು ಒಳಗೆ ವಿಚಾರಿಸಿದರು. ಇನ್ನೂ ಬಂದಿಲ್ಲ, ಫೋನೂ ಆಫಾಗಿದೆ ಎಂದು ಉತ್ತರ ಬಂತು.

"ಅವನನ್ನ ಈ ಗಳಿಗೆಯಿಂದಲೇ ಕೆಲಸದಿಂದ ತೆಗೆದಿದೀನಿ," ಎಂದು ಸಾಹೇಬರು ಘೋಷಿಸಿದರು. ಆಮೇಲೆ ಮುಂದೆ ನಿಂತ ಕೆಸರುಮುಖದತ್ತ ಕೈ ತೋರಿಸಿ, "ನಿಮ್ಮಂಥೋರು ಬೀದಿಗೊಬ್ಬರು ಇರಬೇಕು ನೋಡಿ," ಎಂದರು.

ಜನ ನೀರಿನಲ್ಲೇ ಕುಣಿದರು. ಬೇಕರಿಯವನು ಮುಖಂಡನನ್ನು ಹೆಗಲ ಮೇಲೆ ಹೊತ್ತು ಬೀದಿಗೆ ತಂದ. ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ಟೈಲರಮ್ಮ ದೂರದಿಂದಲೇ ಸುದ್ದಿ ಮುಟ್ಟಿಸಿದಳು:

"ನಿಮ್ಮೆಜಮಾನ್ರು ಆ ಇಂಜಿನಿಯರನ ಕೆಲಸ ಕಳೆದೇ ಬಂದ್ರು ಕಣಮ್ಮ."