ಮಗಳ ಕೈ ಹಿಡಿದು ಓಡಲು ಒಂದು ಓಟ

ಭಾನುವಾರ ಬೆಳಗ್ಗೆ ಎಂಟಕ್ಕೇ ಮಗಳು ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

“ಅಪ್ಪ, ಸಾಯಂಕಾಲದ ಓಟ ಎಲ್ಲಿ?”

ಜೆರಾಕ್ಸಣ್ಣನ ಬಾಯಲ್ಲಿದ್ದ ಬ್ರಷ್ ಅಲ್ಲೇ ನಿಂತಿತು. ತಿಂಗಳ ಹಿಂದೆ ಅವಳ ಕಾಟ ತಡೆಯಲಾರದೆ, ಅಪ್ಪ-ಮಕ್ಕಳು ಸೇರಿ ಓಡುವ ಓಟಕ್ಕೆ ಹೆಸರು ಕೊಟ್ಟಿದ್ದೇನೆ ಎಂದಿದ್ದ. ಕೊಟ್ಟಿರಲಿಲ್ಲ. ಮರೆಯುತ್ತಾಳೆ ಎಂದುಕೊಂಡಿದ್ದ. ಅವಳು ಮರೆಯುವುದು ಮಗ್ಗಿಯನ್ನು ಮಾತ್ರ.

“ನಮ್ಮಪ್ಪನ ಕೈ ಹಿಡ್ಕೊಂಡು ಓಡ್ತೀನಿ ಅಂತ ಟೀಚರ್‌ಗೆ ಹೇಳಿದೀನಿ. ಯಾರೂ ನಂಬ್ತಿಲ್ಲ.”

“ಅಂಗಡಿಗೆ ಹೋಗಿ ಫೋನ್ ಮಾಡ್ತೀನಿ, ಇರು.”

ಒಳಗಿನಿಂದ ಹೆಂಡತಿ, “ಹೋದ ಸಲ ಈಜು ಕಲಿಸ್ತೀನಿ ಅಂತ ಬಕೆಟ್ ತೋರಿಸಿದ್ರಿ. ಈ ಸಲ ಏನು ತೋರಿಸ್ತೀರೋ” ಎಂದಳು.

ಅವನು ಹೋಗಿ ತನ್ನ ಜೆರಾಕ್ಸ್ ಅಂಗಡಿ ತೆರೆದ. ಮೊಬೈಲಿನಲ್ಲಿ ಹುಡುಕಿದ. ಒಂದು ಓಟ ರೈಲಿನಲ್ಲಿ ಹೋದರೆ ನಾಳೆ ಮುಟ್ಟುವಷ್ಟು ದೂರ. ಇನ್ನೊಂದು ಶರ್ಟಿನ ಅಳತೆ, ರಕ್ತದ ಗುಂಪು ಎಲ್ಲ ಬರೆಸಿಕೊಂಡು, ಕೊನೆಗೆ ‘ನೋಂದಣಿ ಮುಗಿದಿದೆ’ ಎಂದಿತು. ಎರಡು ಕಾಲು ಎತ್ತಿಡುವುದಕ್ಕೂ ಹದಿನಾಲ್ಕು ಖಾನೆಯ ಅರ್ಜಿ ತುಂಬಬೇಕಾದ ದರಿದ್ರ ಕಾಲ.

ಪಕ್ಕದ ಸಲೂನಿನವನು ಕತ್ತರಿ ಹಿಡಿದೇ ಬಂದ. “ಕೆರೆ ಹತ್ರ ಒಂದಿದೆ ಅಣ್ಣ.”

ಫೋನ್ ಮಾಡಿದರೆ ಅದು ಅರವತ್ತು ದಾಟಿದವರಿಗೆ.

“ಮಗಳನ್ನ ಅಜ್ಜಿ ಅಂತ ಬರೆಸಿಬಿಡು. ಮುಂದಿನ ಹಲ್ಲು ಹೇಗೂ ಬಿದ್ದಿದೆ” ಎಂದ ಸಲೂನಿನವನು.

ಪಾಂಪ್ಲೆಟ್ ಪ್ರತಿಗಳಿಗಾಗಿ ಕಾದಿದ್ದ ಟ್ಯೂಷನ್ ಮೇಡಂ ತಲೆಯೆತ್ತಿ, “ಮಕ್ಕಳದ್ದು ಹೋದ ವಾರಾನೇ ಆಯ್ತಲ್ಲ, ಗೊತ್ತಿಲ್ವಾ?” ಎಂದರು.

ಗೊತ್ತಿದ್ದರೆ ಅವನು ಹೀಗೆ ಬೆವರುತ್ತಿದ್ದನೇ? ದಾರಿ ಕಾಣದೆ ತಾನೇ ಟೈಪ್ ಮಾಡಿದ: ‘ಮಕ್ಕಳು ಮತ್ತು ಪೋಷಕರ ಓಟ. ಇಂದು ಸಂಜೆ ಐದು. ಪಾರ್ಕ್ ಗೇಟ್.’ ಒಂದೇ ಪ್ರತಿ, ಮಗಳಿಗೆ ತೋರಿಸಲು. ಬೇರೆ ಯಾರೂ ಬರಲಿಲ್ಲ ಎಂದರಾಯಿತು. ಇಬ್ಬರೇ ಓಡಿ ಬರುವುದು. ನೋಟಿಸಿನ ಕೊನೆಗೆ ಬೆರಳು ಅಭ್ಯಾಸಬಲದಿಂದ ‘ಸಂಪರ್ಕಿಸಿ’ ಎಂದು ಅವನದೇ ನಂಬರ್ ಹೊಡೆಯಿತು.

ಗುಂಡಿ ಒತ್ತಿ, ಮಗಳ ಫೋನ್ ಬಂತೆಂದು ಹೊರಗೆ ಹೋದ. ಒಳಗೆ ಬಂದಾಗ ಮೇಡಂ ಇರಲಿಲ್ಲ. ಟ್ರೇನಲ್ಲಿದ್ದ ಪಾಂಪ್ಲೆಟ್ಟುಗಳನ್ನೂ ಅವುಗಳ ಮೇಲೆ ಬಿದ್ದದ್ದನ್ನೂ ಬಾಚಿಕೊಂಡು ಹೋಗಿದ್ದರು. ಮೆಷಿನ್ ನೋಡಿದ. ಮೇಡಂ ಪಾಂಪ್ಲೆಟ್ಟಿಗೆ ಹೇಳಿದ್ದ ಇನ್ನೂರು ಪ್ರತಿಯನ್ನು ಅವನು ಒಂದಕ್ಕೆ ಇಳಿಸಿರಲೇ ಇಲ್ಲ.

ಹನ್ನೆರಡರ ಹೊತ್ತಿಗೆ ಬಡಾವಣೆಯ ಮನೆಮನೆಗೂ ಟ್ಯೂಷನ್ ಜೊತೆ ಓಟ ತಲುಪಿತ್ತು. ಫೋನ್ ಜೀರುಂಡೆಯಂತೆ ಕಿರುಚತೊಡಗಿತು.

“ಮೆಡಲ್ ಎಷ್ಟು ದಪ್ಪ ಇರುತ್ತೆ?”

“ನಮ್ಮ ಮಾವನೋರು ಊರುಗೋಲಲ್ಲಿ ಓಡಬಹುದಾ?”

“ಓಟ ಇಲ್ಲ” ಎಂದರೆ, “ಜಾಗ ತುಂಬ್ತು ಅಂತ ನೇರ ಹೇಳಿ, ಸುಳ್ಳ್ಯಾಕೆ?” ಎಂದು ಜಗಳಕ್ಕೇ ಬಂದರು.

ಐದು ಗಂಟೆಗೆ ಪಾರ್ಕ್ ಗೇಟಿನಲ್ಲಿ ಸಂತೆಯೇ ನೆರೆದಿತ್ತು. ಇರಲಿ, ಗುಂಪಿನಲ್ಲಿ ಸೇರಿ ಓಡಿಬಿಡೋಣ ಎಂದು ಅವನು ಮಗಳ ಕೈ ಹಿಡಿದ. ಅವಳ ಅಂಗೈ ಬೆಚ್ಚಗಿತ್ತು.

ಅಷ್ಟರಲ್ಲಿ ನಿವೃತ್ತ ಡ್ರಿಲ್ ಮಾಸ್ತರು ಸೀಟಿ ಊದಿದರು. “ಯಾರಯ್ಯ ಇದನ್ನ ಕರೆದೋನು?”

ಸಲೂನಿನವನು ಅವನನ್ನು ಹೆಮ್ಮೆಯಿಂದ ಮುಂದೆ ದೂಡಿದ.

“ಓಟ ಮಾಡಿಸೋನು ಓಡಬಾರ್ದು. ಆಮೇಲೆ ಮೋಸ ಅಂತಾರೆ. ಇಲ್ಲೇ ಕೂತು ಹೆಸರು ಬರ್ಕೊ.”

“ಸಾರ್, ನನ್ನ ಮಗಳು...”

“ನಾನಿದೀನಿ ಬಿಡಣ್ಣ” ಎಂದು ಸಲೂನಿನವನು ಅವನ ಕೈಯಿಂದ ಅವಳ ಕೈ ಕಿತ್ತುಕೊಂಡು ಓಡಿಯೇಬಿಟ್ಟ.

ಜೆರಾಕ್ಸಣ್ಣ ಊರುಗೋಲಿನ ಮಾವನವರೆಗೂ ಎಲ್ಲರ ಹೆಸರು ಬರೆದ. ಮಗಳು ಏದುಸಿರು ಬಿಡುತ್ತ ಬಂದಳು, ಮುಖ ಟೊಮೆಟೊ.

“ನಾಳೆ ಟೀಚರ್ ಕೇಳಿದ್ರೆ, ಓಟ ಮಾಡಿಸಿದ್ದೇ ನಮ್ಮಪ್ಪ ಅನ್ನು” ಎಂದ ಅವನು ಆಸೆಯಿಂದ.

“ಟೀಚರೂ ಓಡಕ್ಕೆ ಬಂದಿದ್ರಪ್ಪ. ನಿಮ್ಮಪ್ಪ ಯಾಕೆ ಓಡ್ತಿಲ್ಲ ಅಂದ್ರು.”

“ನೀನೇನಂದೆ?”

“ಪಾಪ, ಹೆಸರು ಕೊಡೋದು ಮರೆತ್ರು ಅಂದೆ.”