ಮಣ್ಣು ಮೆತ್ತುವ ಒರಲೆ, ಮೆತ್ತದ ಒರಲೆ

ಒರಲೆಗಳಲ್ಲೂ, ಅಂದರೆ ಗೆದ್ದಲುಗಳಲ್ಲೂ, ಮೇಲುಕೀಳು ಉಂಟೆಂದು ನಾನು ನಂಬಿದ್ದೆ. ಇದನ್ನು ನಮ್ಮೂರು ಕುಕ್ಕುಂದೂರಿನಲ್ಲಿ ಹೇಳಿದರೆ ನಗುತ್ತಾರೆ, ಆದ್ದರಿಂದ ನಿಮಗೆ ಹೇಳುತ್ತಿದ್ದೇನೆ.

ನೆರೆಯ ಇಮೆಲ್ಡಾಳ ಮನೆಗೆ ಗಂಟುಬಿದ್ದದ್ದು ನೆಲದಿಂದ ಹತ್ತುವ ಜಾತಿ. ಗೋಡೆಯುದ್ದಕ್ಕೂ ಮಣ್ಣಿನ ಗೆರೆ ಎಳೆದುಕೊಂಡು ಹೆಂಚಿನ ಮಾಡಿನ ಪಕ್ಕಾಸಿನ ಮರಕ್ಕೆ ನುಗ್ಗಿತ್ತು. ನಮ್ಮದು ಮರದೊಳಗೇ ಹುಟ್ಟಿ, ಮರದೊಳಗೇ ಸಂಸಾರ ಹೂಡುವ ಒಣ ಜಾತಿ. ಮಣ್ಣಿಲ್ಲ, ಹೇಸಿಗೆಯಿಲ್ಲ. ತೀರಿಹೋದ ನನ್ನ ಯಜಮಾನರ ಕುರ್ಚಿಯಡಿಯಲ್ಲಿ ಬೆಳಿಗ್ಗೆ ಒಂದು ಚಿಟಿಕೆ ಗಸಗಸೆಯಂಥ ಪುಡಿ, ಅಷ್ಟೆ. ಗುಡಿಸಿದರೆ ಮುಗಿಯಿತು. (ಎಂಥ ಮಡಿವಂತ ಒರಲೆ ಎಂದು ಒಳಗೊಳಗೇ ಹೆಮ್ಮೆ.)

ಅವರು ಹೋದ ಮೇಲೆ ಆ ಕುರ್ಚಿಯಲ್ಲಿ ನಾನು ಯಾರನ್ನೂ ಕೂರಗೊಟ್ಟವಳಲ್ಲ. ವರ್ಷಕ್ಕೊಮ್ಮೆ ಹೋದವರಿಗೆ ಬಡಿಸುವ ದಿನ ಅದರಲ್ಲಿ ಅವರ ಫೋಟೋ ಇಟ್ಟು, ಮುಂದೆ ಎಲೆ ಹಾಕುತ್ತೇನೆ. ಅವರದ್ದೆಂದು ಮನೆಯಲ್ಲಿ ಉಳಿದದ್ದು ಅದೊಂದೇ. ಇಮೆಲ್ಡಾಳ ಒರಲೆ ಅದಕ್ಕೆ ಹತ್ತದಿರಲೆಂದು ನಾಲ್ಕೂ ಕಾಲಿಗೆ ಚಿಮಿಣಿ ಎಣ್ಣೆ ತುಂಬಿದ ತೆಂಗಿನ ಗೆರಟೆ ಇಟ್ಟೆ.

ಅವಳು ತನ್ನ ಮನೆಗೆ ಮದ್ದು ಹೊಡೆಸುವಾಗ ಕರೆದಳು. "ಸುಗಂಧಿಯಕ್ಕ, ನಿಮ್ಮ ಕುರ್ಚಿಗೂ ಹೊಡೆಸುವ."

"ನನ್ನದಕ್ಕೆ ಎಂತಕ್ಕೆ? ನಿನ್ನದರ ಹಾಗೆ ಗೋಡೆಗೆ ಮಣ್ಣು ಮೆತ್ತಿದ್ದುಂಟಾ?"

"ನನ್ನದು ಹೇಳಿ ತಿನ್ನುತ್ತದೆ, ನಿಮ್ಮದು ಹೇಳದೆ ತಿನ್ನುತ್ತದೆ. ಅಷ್ಟೇ ಮಾರಾಯ್ರೆ!"

ನಾನು ಬಾಗಿಲು ಹಾಕಿಕೊಂಡೆ.

ಈ ಸಲದ ಬಡಿಸುವ ದಿನ ಫೋಟೋದ ಮುಂದೆ ಎಲೆ ಹಾಕಿ, ಅನ್ನಕ್ಕೆ ಬೂತಾಯಿ ಮೀನಿನ ಸಾರು ಬಿಡುತ್ತಿದ್ದೆ. ಇಮೆಲ್ಡಾ ಬಂದವಳೇ ಕುರ್ಚಿಯ ಕೈಯನ್ನು ಬೆರಳಿನಿಂದ ತಟ್ಟಿದಳು.

"ಡೋಲು! ಒಳಗೆ ಎಂತದೂ ಇಲ್ಲ ಅಕ್ಕ."

"ಹೆಬ್ಬಲಸಿನ ಮರ ಇದು. ಇದರ ಗಟ್ಟಿತನ ನಿನಗೆಂತ ಗೊತ್ತು?"

"ಹಾಗಾದರೆ ಕೂತು ತೋರಿಸಿ!"

ಫೋಟೋ ತೆಗೆದು ಕಿಟಕಿಯಲ್ಲಿಟ್ಟೆ. ಮನಸ್ಸಿನಲ್ಲೇ ಅವರ ಅಪ್ಪಣೆ ಕೇಳಿದೆ. ಪಟ್ಟದ ರಾಣಿಯಂತೆ ಕೂತೆ.

ದೊಡ್ಡ ಸದ್ದೂ ಆಗಲಿಲ್ಲ, ಹಪ್ಪಳ ಮುರಿದಷ್ಟು. ಕುರ್ಚಿ ನಿಂತಿದ್ದದ್ದು ಮರದ ಬಲದಿಂದಲ್ಲ, ವಾರ್ನಿಶಿನ ಬಲದಿಂದ. ನಾನು ಎಲೆಯ ಮೇಲೆ, ಚಿಮಿಣಿ ಎಣ್ಣೆ ಸಾರಿನ ಮೇಲೆ. ಇಮೆಲ್ಡಾ ನಗಲಿಲ್ಲ. ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು. ಸುಮ್ಮನೆ ನನ್ನನ್ನು ಎಬ್ಬಿಸಿ ಗೋಡೆಗೆ ಒರಗಿಸಿದಳು. ಮನೆಗೆ ಹೋಗಿ ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ಪಾತ್ರೆ ತಂದಳು.

ನನ್ನವರು ಆ ದಿನ ಕೂತದ್ದು ಇಮೆಲ್ಡಾಳ ಕುರ್ಚಿಯಲ್ಲಿ, ಉಂಡದ್ದು ಇಮೆಲ್ಡಾಳ ಸಾರು. ನನ್ನದೆಂದು ಉಳಿದದ್ದು ಸೊಂಟನೋವು ಒಂದೇ.