ಹೊಸಿಲು ದಾಟದ ಶೇವಿಂಗ್ ಬ್ರಷ್ಷು

ಗಡ್ಡ ಇಲ್ಲದ ಹೆಂಗಸು ಗಡ್ಡದ ಬ್ರಷ್ ರಿಪೇರಿಗೆ ಕೂತರೆ ಇನ್ನೇನಾಗುತ್ತೆ ಹೇಳಿ? ನಾನು ನೆಟ್ಟಗೆ ಕೂತು ಕೆಲಸ ಮಾಡ್ತೀನಿ ಅಂದರೂ ತಮಾಷೆಗಳೇ ವಿಳಾಸ ಹುಡುಕಿಕೊಂಡು ಬಟವಾಡಿಯ ನಮ್ಮನೆಗೆ ಬರ್ತಾವೆ.

ಮೊದಲು ಸೀರೆಗೆ ಫಾಲ್ಸ್ ಹಾಕಿಕೊಂಡು ತೆಪ್ಪಗಿದ್ದವಳು ನಾನು. ನಮ್ಮಪ್ಪ ತೀರಿಕೊಂಡ ಮೇಲೆ ಅವರ ಹಳೇ ಬ್ರಷ್ ಬಿಸಾಕಕ್ಕೆ ಮನಸ್ಸು ಬರಲಿಲ್ಲ. ಅಳಿದುಳಿದ ಕೂದಲು ಕಿತ್ತು, ಒಳಗಿನ ಗಮ್ ಕೆರೆದು, ಹೊಸ ಕೂದಲಿನ ಕಟ್ಟು ಕೂರಿಸಿ, ಹಿಡಿಗೆ ಪಾಲಿಶ್ ಹಾಕಿದೆ. ಫೋನಲ್ಲಿ ಅದರ ಫೋಟೋ ನೋಡಿದವರು ತಮ್ಮ ಅಪ್ಪ, ತಾತಂದಿರ ಬ್ರಷ್‌ಗಳನ್ನೂ ತಂದುಕೊಡೋಕೆ ಶುರು ಮಾಡಿದರು.

ಕೆಲಸ ಬಂತು, ಕೂರೋಕೆ ಜಾಗ ಇಲ್ಲ. ಗಮ್ ಒಣಗೋ ಹೊತ್ತಲ್ಲಿ ಧೂಳು ಕೂರಬಾರದು, ಹನಿ ನೀರು ತಾಗಬಾರದು. ನಡುಮನೆ ಕಿಟಕಿ ಪಕ್ಕ ಒಂದು ಟೇಬಲ್ ಸಿಕ್ಕಿದರೆ ಸಾಕು ಅಂತ ನನ್ನಾಸೆ. ನಮ್ಮತ್ತೆ ಸುತರಾಂ ಒಪ್ಪಲಿಲ್ಲ.

"ಕ್ಷೌರದ ಸಾಮಾನು ದೇವರಿರೋ ಮನೇಲಾ? ಹೊಸಿಲು ದಾಟಿ ಬಂದ್ರೆ ನೋಡು!"

ಅವರ ಸ್ವಂತ ಮಗನ ಶೇವಿಂಗ್ ಸೆಟ್ಟೇ ಬಚ್ಚಲ ಕಿಟಕಿಯ ಆಚೆ ನೇತಾಡುತ್ತೆ. ಇನ್ನು ಸೊಸೆ ಮಾತು ಯಾರು ಕೇಳ್ತಾರೆ!

ಜಗಲಿ ಮೇಲೆ

ಹೊಸ ಕೂದಲು ಕೂರಿಸಿದ ಮೇಲೆ ನೊರೆ ಸರಿಯಾಗಿ ಬರುತ್ತಾ, ಚುಚ್ಚುತ್ತಾ ಅಂತ ನೋಡಬೇಕು. ನಮ್ಮನೆಯವರು ಬೆಳಗ್ಗೇನೇ ವಸಂತನರಸಾಪುರದ ಫ್ಯಾಕ್ಟರಿಗೆ ಹೊರಟುಬಿಡ್ತಾರೆ. ಗಡ್ಡ ಎಲ್ಲಿಂದ ತರಲಿ? ನನ್ನ ಕೆನ್ನೆಗೇ ಸೋಪು ಹಚ್ಚಿಕೊಂಡು ಬ್ರಷ್ ತಿರುಗಿಸ್ತಾ ಕೂತಿದ್ದೆ. ಹಾಲು ತಗೊಂಡು ಹೋಗ್ತಿದ್ದ ಎದುರುಮನೆಯಾಕೆ ನಿಂತಳು, ನೋಡಿದಳು, ಏನೂ ಕೇಳದೆ ಹೋದಳು. ಪುಣ್ಯಾತ್ಗಿತ್ತಿ, ಕೇಳಿದ್ದರೆ ಚೆನ್ನಾಗಿರ್ತಿತ್ತು.

ಮಧ್ಯಾಹ್ನಕ್ಕೆಲ್ಲ ಹೆಬ್ಬೂರಿಂದ ನಮ್ಮ ನಾದಿನಿ ಅತ್ತೆಗೆ ಫೋನ್ ಮಾಡಿದಳು. "ಅಮ್ಮ, ಅತ್ತಿಗೆಗೆ ಗಡ್ಡ ಬರ್ತಿದೆಯಂತೆ? ಮುಚ್ಚಿಡಬೇಡಿ, ಈಗ ಎಲ್ಲದಕ್ಕೂ ಮಾತ್ರೆ ಇದಾವೆ."

ಅತ್ತೆ ಕೆಂಡಾಮಂಡಲ. ಇದೇ ಸಮಯ ಅಂತ ನಾನಂದೆ, "ಒಳಗೆ ಕೂತಿದ್ರೆ ಯಾರು ನೋಡ್ತಿದ್ರು ಅತ್ತೆ?"

"ಹಿತ್ತಲಲ್ಲಿ ಕೂತ್ರೂ ಯಾರೂ ನೋಡಲ್ಲ" ಅಂದರು.

ಎದುರುಮನೆಯಾಕೆ ಇವತ್ತಿಗೂ ನನ್ನ ಹತ್ತಿರ ಮಾತಾಡುವಾಗ ಮುಖ ನೋಡಲ್ಲ, ಗದ್ದ ನೋಡ್ತಾಳೆ.

ಒಗೆಯೋ ಕಲ್ಲಿನ ಹತ್ತಿರ

ಕುಣಿಗಲ್‌ನಿಂದ ಒಬ್ಬ ತಾತ ಬಂದರು. "ಬ್ರಷ್ ರಿಪೇರಿ ಮಾಡೋ ಯಜಮಾನ್ರು ಇದಾರೇನಮ್ಮ?"

"ನಾನೇ ಮಾಡೋದು ತಾತ."

ನನ್ನನ್ನ ಒಂದು ಸಲ ಮೇಲಿಂದ ಕೆಳಗೆ ನೋಡಿದರು. ಆಮೇಲೆ ಕರ್ಚೀಫಿನ ಗಂಟು ಬಿಚ್ಚಿ, ಮೊಂಡಾದ ಒಂದು ಬ್ರಷ್ ತೆಗೆದರು. "ಹುಷಾರು ಕಣಮ್ಮ. ನಮ್ಮಪ್ಪ ಕುದುರೆ ಲಾಯದಲ್ಲಿ ಇದ್ರು. ಇದು ರೇಸ್ ಕುದುರೆ ಬಾಲದ ಕೂದ್ಲು. ಎಂಥೆಂಥಾ ರೇಸ್ ಗೆದ್ದಿತ್ತು ಗೊತ್ತಾ!"

ಕೂದಲು ನೆನೆಸಿ ಬೆರಳಲ್ಲಿ ಉಜ್ಜಿ ನೋಡಿದೆ. ಬುಡ ಗಡುಸು, ತುದಿ ಸೀಳಿಕೊಂಡು ಎರಡಾಗಿದೆ. ಹಾಗೆ ಸೀಳೋದು ಯಾವ ಕೂದಲು ಅಂತ ನನಗೆ ಗೊತ್ತು. ಹೇಳಲೋ ಬೇಡವೋ ಅಂತ ಒದ್ದಾಡಿ, "ಬೇಜಾರ್ ಮಾಡ್ಕೋಬೇಡಿ ತಾತ, ಇದು ಹಂದಿ ಕೂದ್ಲು" ಅಂದೆ.

ಪಾಪ, ಮುಖ ಸಪ್ಪಗಾಯ್ತು. ಗದ್ದ ಸವರಿಕೊಂಡವರು ಇದ್ದಕ್ಕಿದ್ದ ಹಾಗೆ ನಕ್ಕುಬಿಟ್ಟರು. "ಅದಕ್ಕೇ ಅಂತೀನಿ! ರೇಸ್ ಕುದುರೆ ಕೂದ್ಲಲ್ಲಿ ಶೇವಿಂಗ್ ಮಾಡ್ಕೊಂಡೂ ಜೀವಮಾನದಲ್ಲಿ ಒಂದಿನಾನೂ ನಂಗೆ ಟೈಮಿಗೆ ಸರಿಯಾಗಿ ಬಸ್ ಸಿಗ್ಲಿಲ್ಲ. ಈ ಸಲ ನಿಜವಾದ ಕುದುರೇದೇ ಹಾಕ್ಕೊಡಮ್ಮ."

ತೆಂಗಿನ ಮರದ ಕೆಳಗೆ

ಅಡಿಗೆಮನೆ ಕಿಟಕಿಯಲ್ಲಿದ್ದ ಅತ್ತೆಗೆ ಇಷ್ಟು ಮಾತಲ್ಲಿ ಹಂದಿ ಅನ್ನೋದೊಂದೇ ಕೇಳಿಸಿತ್ತು. ಸಾಯಂಕಾಲಕ್ಕೆ ನನ್ನ ಸ್ಟೂಲು ಕಾಂಪೌಂಡ್ ಮೂಲೆಯ ತೆಂಗಿನ ಮರದ ಬುಡದಲ್ಲಿತ್ತು. ಕಾಯಿ ಬಿದ್ದರೆ ಗತಿಯೇನು ಅಂತ ನಮ್ಮನೆಯವರ ಹಳೇ ಹೆಲ್ಮೆಟ್ ಹಾಕಿಕೊಂಡು ಕೂರ್ತಿದ್ದೆ.

ಆಗ ಗುಬ್ಬಿಯಿಂದ ಒಬ್ಬ ಹುಡುಗಿ ಬಂದಳು, ಹೊಸದಾಗಿ ಮದುವೆ ಆದವಳು. ಹೆಲ್ಮೆಟ್ ನೋಡಿ ಗಾಬರಿಯಾಗಿ, ದೂರದಿಂದಲೇ ಬ್ರಷ್ ಚಾಚಿದಳು. ಅದರ ಕೂದಲು ಸುಟ್ಟು ಕರಕಲಾಗಿದೆ.

"ಇದೇನಮ್ಮ, ಇಷ್ಟು ಬಿಸಿನೀರಾ?"

"ಇಲ್ಲ ಅಕ್ಕ, ನಮ್ಮನೇಲಿ ಇದ್ರಲ್ಲೇ ದೋಸೆ ಹೆಂಚಿಗೆ ಎಣ್ಣೆ ಸವರೋದು. ಇದು ತಾತನ ಬ್ರಷ್ ಅಂತ ನಮ್ಮನೆಯವರಿಗೆ ಈಗ ನೆನಪಾಗಿದೆ. ಅವ್ರಿಗೂ ಇದ್ರಲ್ಲೇ ಶೇವಿಂಗ್ ಮಾಡ್ಕೋಬೇಕಂತೆ."

ಮಾಡಿಕೊಟ್ಟೆ. ವಾರ ಬಿಟ್ಟು ಫೋನ್ ಮಾಡಿದಳು. "ಅಕ್ಕ, ಅರ್ಜೆಂಟಾಗಿ ಇನ್ನೊಂದು ಮಾಡ್ಕೊಡಿ. ಅವ್ರ ಗಡ್ಡ ನುಣ್ಣಗಿದೆ, ದೋಸೆ ಮಾತ್ರ ಹೆಂಚು ಬಿಟ್ಟು ಏಳ್ತಿಲ್ಲ."

ನಡುಮನೆ

ಆಮೇಲೆ ಮಳೆ ಹಿಡಕೊಂಡಿತು. ಕುಣಿಗಲ್ ತಾತನ ಬ್ರಷ್ಷಿಗೆ ಹಾಕಿದ್ದ ಗಮ್ ಒದ್ದೆಯಾಗಿ, ಹೊಸ ಕಟ್ಟು ವಾಲಿಕೊಂಡಿತು. ಅವರಪ್ಪನ ನೆನಪು ನನ್ನ ಕೈಯಲ್ಲಿ ಕೆಟ್ಟಿತಲ್ಲ ಅಂತ ಅಳುನೇ ಬಂತು. ಸಾಕು, ಇದನ್ನೊಂದು ಸರಿ ಮಾಡಿ ಕೊಟ್ಟು, ಫಾಲ್ಸ್ ಹಾಕಿಕೊಂಡೇ ಇದ್ದುಬಿಡೋಣ ಅಂತ ಅತ್ತೆ ಎದುರಿಗೇ ಹೇಳಿದೆ.

ಮಾರನೇ ದಿನ ಪೂಜೆ ಮುಗಿಸಿ ಬಂದವರು ಏನನ್ನೋ ಮುಂದೆ ಹಿಡಿದರು. "ವಿಗ್ರಹದ ಸಂದಿ ಒರೆಸೋ ಬ್ರಷ್ಷು. ಕೂದ್ಲು ಉದುರ್ತಿದೆ. ಸರಿ ಮಾಡ್ಕೊಡ್ತೀಯ?"

"ಕೊಡಿ, ಆಚೆ ತಗೊಂಡ್ಹೋಗಿ..."

"ಆಚೆ ಯಾಕೆ? ದೇವರ ಸಾಮಾನು ಕಣೇ! ಇಲ್ಲೇ ಕಿಟಕಿ ಹತ್ರ ಕೂತ್ಕೋ." ತಾವೇ ಟೇಬಲ್ ಎಳೆದು ಒರೆಸಿಕೊಟ್ಟರು.

ದೇವರ ಗೂಡಿಗೆ ಅವರೊಬ್ಬರದೇ ಕೈ. ಆ ಬ್ರಷ್ ನಾನು ಹತ್ತಿರದಿಂದ ನೋಡಿದ್ದೇ ಅವತ್ತು. ಹಿಡಿ ತುಂಬ ಅರಿಶಿನ, ಕುಂಕುಮ, ಎಣ್ಣೆ ಜಿಡ್ಡು. ಬಿಸಿನೀರಲ್ಲಿ ಉಜ್ಜುತ್ತಾ ಹೋದ ಹಾಗೆ ಒಳಗಿಂದ ಬೆಣ್ಣೆ ಬಣ್ಣದ ಹಿಡಿ ಬಂತು. ಕೂದಲಿನ ಬುಡದಲ್ಲಿ ಹಳೇ ಸೋಪಿನ ಬಿಳಿ ಪೊರೆ. ಹೇಳಿದರೆ ಅತ್ತೆ ಪೂಜೆ ಕೆಟ್ಟಿತು ಅಂತ ಕೊರಗ್ತಾರೆ, ನನ್ನ ಟೇಬಲ್ಲೂ ಹೋಗುತ್ತೆ. ಹೇಳದೆ ಇರೋಕೆ ನನ್ನ ನಾಲಿಗೆ ಕೇಳಬೇಕಲ್ಲ!

"ಅತ್ತೆ, ಇದು... ಶೇವಿಂಗ್ ಬ್ರಷ್ಷು."

ಹೂ ಕಟ್ಟುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. "ಗೊತ್ತು ಕಣೇ. ನಿಮ್ಮ ಮಾವಂದು. ಅವರು ಹೋದ್ಮೇಲೆ ಬಿಸಾಕಕ್ಕೆ ಮನಸ್ಸು ಬರ್ಲಿಲ್ಲ, ದೇವರ ಹತ್ರ ಇಟ್ಕೊಂಡೆ."

ನಾನು ಬ್ರಷ್ಷನ್ನ ಮೆಲ್ಲಗೆ ಒಣಬಟ್ಟೆ ಮೇಲಿಟ್ಟೆ. ಹಿಂದೆಯೇ ರೇಗಿಯೂ ಹೋಯ್ತು. "ಹಂಗಾದ್ರೆ ನನ್ನ ಯಾಕೆ ಊರೆಲ್ಲ ಸುತ್ತಿಸಿದ್ರಿ? ಹೆಲ್ಮೆಟ್ ಹಾಕ್ಕೊಂಡು ಕೂತಿದ್ದೆನಲ್ಲ!"

"ಕಂಡೋರ ಗಡ್ಡ ಬೇರೆ, ನಮ್ಮನೆಯವರ ಗಡ್ಡ ಬೇರೆ."

"ಆ ಕಂಡೋರಿಗೂ ನಿಮ್ಮಂಥ ಹೆಂಡ್ತಿ ಇದ್ದಿರ್ತಾರಲ್ಲ ಅತ್ತೆ" ಅಂದೆ. ಅವರ ಕೈಯಲ್ಲಿದ್ದ ಹೂ ಹಾಗೇ ನಿಂತಿತು.

ಬೆಳಗ್ಗೆ ಎದ್ದು ನೋಡ್ತೀನಿ, ತೆಂಗಿನ ಮರದ ಬುಡದಲ್ಲಿ ಡಬ್ಬಿಯೊಳಗಿದ್ದ ಬ್ರಷ್‌ಗಳೆಲ್ಲ ನಡುಮನೆ ಟೇಬಲ್ ಮೇಲೆ ಸಾಲಾಗಿ ನಿಂತಿವೆ. ಒಂದೊಂದರ ಹಿಡಿಗೂ ಕುಂಕುಮದ ಬೊಟ್ಟು! ಅಷ್ಟಾದರೆ ಒಳಗೆ ಬರಬಹುದು ಅಂತ ಅತ್ತೆ ಲೆಕ್ಕ. ಈಗ ಅದೇ ನನ್ನ ಜಾಗ.

ಕುಣಿಗಲ್ ತಾತ ಬಂದರು. ನೆಟ್ಟಗೆ ನಿಂತ ಕುದುರೆ ಕೂದಲು, ಕೆಳಗೆ ಕುಂಕುಮ. ಕಣ್ಣರಳಿಸಿದರು. "ಪೂಜೆ ಮಾಡಿ ಕೊಡ್ತಿದೀಯ ಅಂದ್ರೆ ಇದು ಗೆದ್ದಿರೋ ಕುದುರೇನೇ ಬುಡು!" ಅಂತ ಅತ್ತೆಗೆ ತೋರಿಸಿ, ಎದುರುಮನೆಯಾಕೆಗೆ ತೋರಿಸಿ, ಆಟೋದವನಿಗೂ ತೋರಿಸಿದರು. ಅವತ್ತೂ ಅವರ ಬಸ್ ತಪ್ಪಿತು.